ಬಸವಣ್ಣೆಮ್ಮನ ಹೆಬ್ಬೆಟ್ಟು

ಮಿಲ್ಲು ಮುಚ್ಚಿದ ಮೇಲೆ ವಾಮದೇವಪ್ಪನಿಗೆ ಬರಬೇಕಿದ್ದ ಪರಿಹಾರದ ದುಡ್ಡು ಕೈಸೇರಲು ಮೂರು ವರ್ಷ ಹಿಡಿಯಿತು. ಬಂದರೆ ಅಡುಗೆಮನೆಯ ಹೆಂಚು ತೆಗೆಸಿ ಶೀಟು ಹೊದಿಸೋಣ ಎಂದು ಅವನ ಹೆಂಡತಿ ಬಸವಣ್ಣೆಮ್ಮ ಮೂರು ಮಳೆಗಾಲದಿಂದ ಹೇಳುತ್ತ ಬಂದಿದ್ದಳು. ದುಡ್ಡು ಬಂತು. 1998ರ ಯುಗಾದಿ ಕಳೆದ ವಾರ ಹರಿಹರದ ಅವರ ಮನೆಯ ಮುಂದೆ ಲಗೇಜ್ ಆಟೋ ಒಂದು ನಿಂತಿತು. ಅದರಿಂದ ಮಗ ಕೊಟ್ಟೂರೇಶ ಎದೆಮಟ್ಟದ ಎರಡು ಸ್ಪೀಕರ್ ಪೆಟ್ಟಿಗೆ, ಒಂದು ಆಂಪ್ಲಿಫೈಯರ್, ಒಂದು ಸಿ.ಡಿ. ಪ್ಲೇಯರ್ ಇಳಿಸಿದ. ಹೆಂಚಿನ ದುಡ್ಡು ಹೋದದ್ದು ಎಲ್ಲಿಗೆಂದು ಬಸವಣ್ಣೆಮ್ಮ ಕೇಳಲಿಲ್ಲ. ಕಣ್ಣೆದುರಿಗೇ ಇತ್ತು.

ಪೆಟ್ಟಿಗೆಗಳಿಗೆ ಪಡಸಾಲೆಯ ಒಂದು ಗೋಡೆ ಪೂರ್ತಿ ಬೇಕಾಯಿತು.

"ಜ್ವಾಳದ ಚೀಲ ಎಲ್ಲಿಡ್ಲಿ ನಾನು?" ಎಂದು ಸೊಸೆ ಸುಮಂಗಲಾ ಕೇಳಿದಳು. ಅವಳಿಗೆ ಆಗ ಐದು ತಿಂಗಳು.

"ಅಡಿಗಿ ಮನ್ಯಾಗಿಡು," ಎಂದ ಕೊಟ್ಟೂರೇಶ.

"ಅಲ್ಲಿ ಸೋರ್ತೈತೆ."

"ಮಳಿ ಬರಾಕೆ ಇನ್ನೂ ಎರಡು ತಿಂಗ್ಳೈತೆ. ಅಷ್ಟ್ರಾಗೆ ಇದು ದುಡೀತೈತೆ, ನೋಡ್ತಿರು."

ಕೊಟ್ಟೂರೇಶನದು ದಾವಣಗೆರೆಯಲ್ಲಿ ಕ್ಯಾಸೆಟ್ ಅಂಗಡಿ. ಜನ ತಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು; ಅವನು ಖಾಲಿ ಕ್ಯಾಸೆಟ್ಟಿಗೆ ಅಷ್ಟನ್ನೂ ತುಂಬಿ ಕೊಡುತ್ತಿದ್ದ. ಎರಡು ವರ್ಷದಿಂದ ಆ ವ್ಯಾಪಾರ ಇಳಿಯುತ್ತಿತ್ತು. ಡಾಕ್ಟರು, ವ್ಯಾಪಾರಸ್ಥರ ಮನೆಗಳಿಗೆ ಸಿ.ಡಿ. ಬಂದಿತ್ತು. ಅದನ್ನು ಕೇಳಿದವರು ಇವನ ಕ್ಯಾಸೆಟ್ ಹಿಂದಕ್ಕೆ ತಂದು, ಹಾಡಿಗಿಂತ ಸುಯ್ಯೆನ್ನುವುದೇ ಜಾಸ್ತಿ ಎಂದು ದೂರುತ್ತಿದ್ದರು. ಸಿ.ಡಿ.ಯಿಂದಲೇ ಕ್ಯಾಸೆಟ್ಟಿಗೆ ಇಳಿಸಿದರೆ ಆ ದೂರು ಇರುವುದಿಲ್ಲ ಎಂಬುದು ಅವನ ಲೆಕ್ಕ. ಅಂಗಡಿಯಲ್ಲಿ ಜಾಗವಿಲ್ಲ, ಮನೆಯಲ್ಲಿ ರೆಕಾರ್ಡ್ ಮಾಡಿ ಅಲ್ಲಿ ಮಾರುವುದು.

ಭಾನುವಾರ ವೈರು ಜೋಡಿಸಲು ದಾವಣಗೆರೆಯಿಂದ ಅಬ್ದುಲ್ ರಹೀಮ್ ಬಂದ. ಸ್ಪೀಕರ್ ಪೆಟ್ಟಿಗೆಗಳನ್ನು ಮಾಡಿದವನು ಅವನೇ. ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅವನ ಕಸುಬು. ಮನೆಯವರಿಗೆ ಹಳೆಯ ಪರಿಚಯ. ಹನ್ನೆರಡು ವರ್ಷದ ಹಿಂದೆ ಹರಿಹರದ ಗುತ್ತೆಪ್ಪ ಎಂಬಾತ ಕ್ಯಾಸೆಟ್ ಕಂಪನಿ ಶುರುಮಾಡಿ ಬಸವಣ್ಣೆಮ್ಮನ ಬೀಸುವ ಪದಗಳನ್ನು ರೆಕಾರ್ಡ್ ಮಾಡಿಸಿದಾಗ ಮೈಕು ಹಿಡಿದು ಕೂತವನು ಇದೇ ರಹೀಮ್. ಬಸವಣ್ಣೆಮ್ಮ ಮುಂದಿನ ಸಾಲು ಹಾಡಿದ್ದಳು, ಅವಳ ತಂಗಿ ಹಾಲಮ್ಮ ಹಿಂದಿನ ಸಾಲು ಹಿಡಿದಿದ್ದಳು. ಆ ಕ್ಯಾಸೆಟ್ಟು ಒಂದೆರಡು ವರ್ಷ ಸುತ್ತಮುತ್ತಲ ಹಳ್ಳಿಗಳಲ್ಲಿ ಓಡಿತು. ಆಮೇಲೆ ಗುತ್ತೆಪ್ಪ ಕಂಪನಿಯನ್ನು ಬೆಂಗಳೂರಿನವರಿಗೆ ಮಾರಿದ, ಸ್ವಲ್ಪ ದಿನಕ್ಕೆ ತೀರಿಕೊಂಡ. ಹಾಲಮ್ಮ ಸತ್ತು ಐದು ವರ್ಷವಾಗಿತ್ತು.

ವೈರು ಜೋಡಿಸಿದ ಮೇಲೆ ಕೊಟ್ಟೂರೇಶ ಒಂದು ಸಿ.ಡಿ. ತೆಗೆದ.

"ಅವ್ವಾ, ಕೈ ತೊಳ್ಕೊಂಡು ಬಾ ಇಲ್ಲಿ. ಇದು ಏನಂತ ಹೇಳು."

ಕವರಿನ ಮೇಲೆ ತುಟಿಗೆ ಬಣ್ಣ ಹಚ್ಚಿಕೊಂಡ ಹುಡುಗಿಯೊಬ್ಬಳು ಬೀಸುವ ಕಲ್ಲಿನ ಮುಂದೆ ಕಾಲು ಮಡಿಚಿ ಕೂತಿದ್ದಳು. ಗೂಟವನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಹಿಂದುಗಡೆ ಸಣ್ಣ ಅಕ್ಷರದಲ್ಲಿ 'ಬಸಮ್ಮ ಮತ್ತು ತಂಡ' ಎಂದಿತ್ತು.

"ಯಾರಿದು ಬಸಮ್ಮ?"

"ನೀನೇ. ಬೆಂಗಳೂರು ಕಂಪನಿಯೋರು ನಿನ್ನ ಕ್ಯಾಸೆಟ್ ಸಿ.ಡಿ. ಮಾಡ್ಯಾರೆ."

ಬಸವಣ್ಣೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ಕೂತಳು. ಹಾಡು ಶುರುವಾಯಿತು. ಅವಳ ದನಿ ಅಷ್ಟು ಸ್ಪಷ್ಟವಾಗಿ ಅವಳೇ ಎಂದೂ ಕೇಳಿರಲಿಲ್ಲ; ಉಸಿರು ಎಳೆದುಕೊಂಡದ್ದೂ ಕೇಳುತ್ತಿತ್ತು. ವಾಮದೇವಪ್ಪ ತಲೆದೂಗಿದ. ಸುಮಂಗಲಾ ನಕ್ಕಳು. ಮೊದಲ ಸಾಲು ಮುಗಿಯಿತು. ಆಮೇಲೆ ಪೀಪಿಯಂಥ ವಾದ್ಯವೊಂದು ಬಂತು. ಮತ್ತೆ ಅವಳ ಸಾಲು, ಮತ್ತೆ ಪೀಪಿ.

"ಹಾಲಮ್ಮ ಎಲ್ಲಿ?" ಎಂದಳು ಬಸವಣ್ಣೆಮ್ಮ.

ಎರಡನೆಯ ಹಾಡು ಬಂತು. ಅದರಲ್ಲೂ ಇರಲಿಲ್ಲ.

"ರಹೀಮಣ್ಣ, ನನ್ನ ತಂಗಿ ಎಲ್ಲಿ?"

ರಹೀಮ್ ಸ್ಪೀಕರಿಗೆ ಕಿವಿಯಿಟ್ಟು ಕೇಳಿ ಎದ್ದ. "ಎರಡು ಮೈಕ್ ಇಟ್ಟಿದ್ದೆ ಅಕ್ಕ ಅವತ್ತು. ಎಡಕ್ಕೆ ನಿಮ್ದು, ಬಲಕ್ಕೆ ಹಾಲಮ್ಮಂದು. ಬಲಗಡೀದು ತೆಗ್ದು ಬಿಸಾಕಿ ಅಲ್ಲಿ ಕೀಬೋರ್ಡ್ ತುಂಬ್ಯಾರೆ. ಅವಳಿಗೆ ಸ್ವಲ್ಪ ಕೆಮ್ಮಿತ್ತಲ್ಲ, ಅದ್ಕೇ ಇರ್ಬೇಕು."

"ಕೆಮ್ಮಿಗೆ ಔಷಧಿ ಕುಡಿಸಿ ಕರ್ಕೊಂಡು ಬಂದಿದ್ದೆ ನಾನು," ಎಂದು ಬಸವಣ್ಣೆಮ್ಮ ಒಳಕ್ಕೆ ಹೋದಳು. ಒಲೆಯ ಮೇಲಿನ ರೊಟ್ಟಿ ಕರಿಯಾಗಿತ್ತು.

ಮುಂದಿನ ವಾರ ರಹೀಮ್ ಒಂದು ಹಳೆಯ ಕ್ಯಾಸೆಟ್ ತಂದುಕೊಟ್ಟ. ರೆಕಾರ್ಡಿಂಗ್ ದಿನ ಗುತ್ತೆಪ್ಪ ಅವನಿಗೆ ಕೊಟ್ಟಿದ್ದ ಮೊದಲ ಪ್ರತಿ. ಹೆಚ್ಚು ಓಡಿಸದೆ ಇಟ್ಟಿದ್ದರಿಂದ ಕೆಟ್ಟಿರಲಿಲ್ಲ. ಅದರಲ್ಲಿ ಅಕ್ಕತಂಗಿಯರಿಬ್ಬರೂ ಇದ್ದರು, ಹಾಲಮ್ಮನ ಕೆಮ್ಮೂ ಇತ್ತು.

ಕೊಟ್ಟೂರೇಶ ಅದರಿಂದ ಇನ್ನೂರು ಪ್ರತಿ ತೆಗೆದ. 'ಅಸಲಿ ಬೀಸುವ ಪದ, ಹಾಡಿದವರು ಬಸವಣ್ಣೆಮ್ಮ, ಹಾಲಮ್ಮ' ಎಂದು ಹಳದಿ ಕಾಗದದಲ್ಲಿ ಚೀಟಿ ಮಾಡಿಸಿದ. ಹದಿನೈದು ದಿನ ಮನೆ ಹಬ್ಬದಂತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಸೊಸೆ ಗಂಜಿ ಕಾಯಿಸಿಕೊಂಡು ಚೀಟಿ ಅಂಟಿಸಲು ಕೂಡುತ್ತಿದ್ದರು. ಬಸವಣ್ಣೆಮ್ಮ ತಂಗಿಯ ಹೆಸರಿನ ಮೇಲೆ ಗಂಜಿ ತಾಗದಂತೆ ನೋಡಿಕೊಳ್ಳುತ್ತಿದ್ದಳು.

"ಕಂಪನಿಯೋರು ಏನಾರ ಅಂದಾರು," ಎಂದು ವಾಮದೇವಪ್ಪ ಒಮ್ಮೆ ಹೇಳಿದ.

"ನಮ್ಮವ್ವನ ಹಾಡು ನಾವು ಮಾರಾಕೆ ಅವ್ರ ಅಪ್ಪಣಿ ಯಾಕ ಬೇಕು ಅಪ್ಪಾ?"

ವಾಮದೇವಪ್ಪ ಮಂಡಕ್ಕಿ ತಟ್ಟೆಯತ್ತ ಮುಖ ತಿರುಗಿಸಿದ.

ಜೂನ್ ಮೊದಲ ಗುರುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಜೀಪು ಬಂತು. ಇಬ್ಬರು ಪೊಲೀಸರು, ಜತೆಗೆ ಇಸ್ತ್ರಿ ಶರ್ಟಿನ ಒಬ್ಬಾತ. ಅವನು ಕಂಪನಿಯ ಮ್ಯಾನೇಜರು. ಪಡಸಾಲೆಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿದರು. ಬೀಸುವ ಪದ ಮಾತ್ರವಲ್ಲ, ಸಿನಿಮಾ ಹಾಡಿನ ನಾನೂರು ಕ್ಯಾಸೆಟ್ಟುಗಳೂ ಇದ್ದವು. ಪ್ಲೇಯರು, ಆಂಪ್ಲಿಫೈಯರು, ಕ್ಯಾಸೆಟ್ ನಕಲು ಮಾಡುವ ಡಬಲ್ ಡೆಕ್ಕು ಎಲ್ಲವನ್ನೂ ಎತ್ತಿದರು. ಡೆಕ್ಕಿನ ಒಳಗೆ ರಹೀಮನ ಹಳೆಯ ಕ್ಯಾಸೆಟ್ ಇತ್ತು.

"ಅದೊಂದು ಬಿಡ್ರಪ್ಪ," ಎಂದು ಬಸವಣ್ಣೆಮ್ಮ ಎಂಜಲು ಕೈಯಲ್ಲೇ ಅಡ್ಡ ಬಂದಳು. "ಅದ್ರಾಗೆ ನನ್ನ ತಂಗಿ ಅದಾಳೆ."

"ಅದೇ ಮುಖ್ಯ ಸಾಕ್ಷಿ ಅಮ್ಮ, ಬಿಡಾಕೆ ಬರಲ್ಲ," ಎಂದ ಪೊಲೀಸಿನವನು.

"ಹಾಡಿದ್ದು ನಾನು. ನನ್ನ ಹಾಡು."

ಮ್ಯಾನೇಜರು ಸಮಾಧಾನದಿಂದಲೇ ಹೇಳಿದ. "ಹಾಡಿದ್ದು ನೀವೇ ಇರಬಹುದು. ಹಕ್ಕು ಕಂಪನಿಯದು. ನೀವೇ ಬರೆದುಕೊಟ್ಟಿದ್ದೀರಿ."

"ನಾನು ಯಾರಿಗೂ ಏನೂ ಬರ್ದು ಕೊಟ್ಟಿಲ್ಲ."

ಕೊಟ್ಟೂರೇಶನನ್ನು ಜೀಪಿನಲ್ಲಿ ಕೂಡಿಸಿಕೊಂಡು ಹೋದರು. ಮರುದಿನ ಜಾಮೀನಿನ ಮೇಲೆ ಬಂದ. ಜಾಮೀನಿಗೆ ನಿಂತವನು ರಹೀಮ್. ವಾಮದೇವಪ್ಪ ಮೈ ಸರಿಯಿಲ್ಲವೆಂದು ಮಲಗಿದ್ದ.

ಹತ್ತು ದಿನದ ಮೇಲೆ ಕೊಟ್ಟೂರೇಶ ದಾವಣಗೆರೆಯ ವಕೀಲರಿಂದ ಒಂದು ಜೆರಾಕ್ಸ್ ಕಾಗದ ತಂದ. ಗುತ್ತೆಪ್ಪನ ಜತೆ ಆದ ಕರಾರಿನ ಪ್ರತಿ. ತಂದೆ ಮುದ್ದೆ ಮುರಿಯುತ್ತಿದ್ದಾಗ ಅದನ್ನು ಅವ್ವನ ಮುಂದೆ ಹಿಡಿದ.

"ಓದು."

ಬಸವಣ್ಣೆಮ್ಮ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಅಕ್ಷರ ಕೂಡಿಸಿ ಓದಿದಳು. ಹಾಡಿನ ಮೇಲಿನ ಸಕಲ ಹಕ್ಕುಗಳನ್ನೂ ಕಾಯಂ ಆಗಿ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಕೆಳಗೆ ಅವಳ ಹೆಸರು, ಹೆಸರಿನ ಪಕ್ಕ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತು.

"ಇದು ನಂದಲ್ಲ," ಎಂದಳು. "ನಾನು ಯಾಕ ಹೆಬ್ಬೆಟ್ಟು ಒತ್ಲಿ? ನಾನು ಸಹಿ ಮಾಡ್ತೀನಿ. ರೇಶನ್ ಅಂಗಡ್ಯಾಗೂ ಸಹೀನೇ ಮಾಡ್ತೀನಿ."

"ಮತ್ತೆ ಯಾರದು?"

ವಾಮದೇವಪ್ಪ ಮುದ್ದೆ ಬಿಟ್ಟು ಕೈ ತೊಳೆಯಲು ಎದ್ದ.

"ಅಪ್ಪಾ, ಕೂಡು. ಯಾರದು ಇದು?"

"ಗುತ್ತೆಪ್ಪ ಅವಸರ ಮಾಡ್ದ," ಎಂದ ವಾಮದೇವಪ್ಪ ಗೋಡೆ ನೋಡುತ್ತ. "ಇಕಿ ಕುಕ್ಕುವಾಡಕ್ಕೆ ಹೋಗಿದ್ಲು, ಹಾಲಮ್ಮಗೆ ಹುಷಾರಿಲ್ಲ ಅಂತ. ಹೆಂಗಸ್ರದು ಹೆಬ್ಬೆಟ್ಟಿದ್ರೆ ಆತು ಅಂದ. ಒತ್ತಿದೆ."

"ನಿಮ್ಮ ಹೆಬ್ಬೆಟ್ಟು?" ಎಂದು ಬಸವಣ್ಣೆಮ್ಮ ಕೇಳಿದಳು.

"ಎಡಗೈದು."

"ನಂಗೆ ಸೀರಿ ಕೊಟ್ಟು ಕಳಿಸಿದ್ದ ಗುತ್ತೆಪ್ಪ. ಅಷ್ಟೇ ಅಂತ ಹೇಳಿದ್ರಿ ನೀವು."

"ದುಡ್ಡೂ ಕೊಟ್ಟಿದ್ದ. ನಾನೇನು ಕುಡಿದು ಕೆಡಿಸಿದ್ನಾ? ಇವ್ನ ಐ.ಟಿ.ಐ. ಫೀಸು ಕಟ್ಟಿದೆ. ಇವತ್ತು ನನ್ನ ಎದುರಿಗೆ ನಿಂತು ಕೇಳ್ತಾನಲ್ಲ, ಇವ್ನಿಗೇ ಕಟ್ಟಿದೆ."

ಕೊಟ್ಟೂರೇಶ ಕಾಗದ ಮಡಿಚಿದ. "ವಕೀಲ್ರು ಹೇಳ್ಯಾರೆ, ಹೆಬ್ಬೆಟ್ಟು ಅವ್ವಂದಲ್ಲ ಅಂತ ಆದ್ರೆ ಈ ಹಾಡಿನ ಮ್ಯಾಲೆ ಕಂಪನಿಗೆ ಹಕ್ಕೇ ಇಲ್ಲ. ನೀನು ಬಂದು ಹೇಳಪ್ಪ."

"ಹೇಳಿದ್ರೆ ನನ್ನ ಒಳಗೆ ಹಾಕ್ತಾರೆ."

"ನನ್ನ ಹಾಕಿದ್ರಲ್ಲ."

"ನೀನು ಕಳ್ಳ ಮಾಲು ಮಾರ್ದಿ, ಅದ್ಕೆ ಹಾಕಿದ್ರು. ಐವತ್ತೆಂಟು ವರ್ಷ ಯಾರೂ ನನ್ನ ಕಡೆ ಬೆಟ್ಟು ಮಾಡಿ ತೋರ್ಸಿಲ್ಲ."

ಅಲ್ಲಿಂದ ಆ ಮನೆಯಲ್ಲಿ ಊಟ ಮೂರು ಸರದಿಯಾಯಿತು. ಮಗ ಉಂಡು ಹೋದ ಮೇಲೆ ತಂದೆ ಬಂದು ಕೂಡುತ್ತಿದ್ದ. ಬಸವಣ್ಣೆಮ್ಮ ಗಂಡನಿಗೆ ತಟ್ಟೆ ಇಟ್ಟು, ನೀರು ಇಟ್ಟು, ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳದೆ ಹಿತ್ತಲಿಗೆ ಹೋಗುತ್ತಿದ್ದಳು. ಆಮೇಲೆ ಅತ್ತೆ ಸೊಸೆ ಉಣ್ಣುತ್ತಿದ್ದರು. ಮಳೆ ಹಿಡಿಯಿತು. ಅಡುಗೆಮನೆಯಲ್ಲಿ ನಾಲ್ಕು ಕಡೆ ಪಾತ್ರೆ ಇಟ್ಟರು. ಪೊಲೀಸರು ಒಯ್ಯದೆ ಬಿಟ್ಟಿದ್ದ ಸ್ಪೀಕರ್ ಪೆಟ್ಟಿಗೆಗಳನ್ನು ಕೊಟ್ಟೂರೇಶ ರಹೀಮನಿಗೇ ವಾಪಸು ಮಾರಿದ. ಆ ಜಾಗಕ್ಕೆ ಜೋಳದ ಚೀಲ ಬಂತು; ಅಷ್ಟರಲ್ಲಿ ಅದರ ತಳ ನೆನೆದು ಬೂಸಲು ಹಿಡಿದಿತ್ತು.

ಅಂಗಡಿ ಮುಚ್ಚಿತ್ತು. ಕೊಟ್ಟೂರೇಶ ಗುತ್ತೂರಿನ ಹತ್ತಿರದ ಒಂದು ವರ್ಕ್‌ಶಾಪಿಗೆ ದಿನಗೂಲಿಗೆ ಹೋಗತೊಡಗಿದ. ಐ.ಟಿ.ಐ. ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು.

"ನಿಮ್ಮಪ್ಪ ಒಂದು ಮಾತು ಅಂದ್ರೆ ಮುಗೀತಿತ್ತು," ಎಂದು ಸುಮಂಗಲಾ ಅಕ್ಕಿ ಆರಿಸುತ್ತ ಗಂಡನಿಗೆ, ಮಾವನಿಗೂ ಕೇಳುವಂತೆಯೇ, ಹೇಳುತ್ತಿದ್ದಳು. "ಹುಟ್ಟೋ ಕೂಸು ಕೋರ್ಟಿಗೆ ಅಲೆಯಾದು ನೋಡ್ಬೇಕು ಅಂತ ಐತಿ ಕಾಣ್ತತಿ."

ವಾಮದೇವಪ್ಪ ಛತ್ರಿ ತೆಗೆದುಕೊಂಡು ಹೊಳೆಯ ಕಡೆಗೆ ಹೋಗಿಬಿಡುತ್ತಿದ್ದ.

ಜುಲೈ ಕೊನೆಯಲ್ಲಿ ವಕೀಲರು ಎರಡೂ ಕಡೆಯವರನ್ನು ತಮ್ಮ ಆಫೀಸಿಗೆ ಕರೆಸಿದರು. ಹೊರಡುವಾಗ ಬಸವಣ್ಣೆಮ್ಮ ಗಂಡನಿಗೆ ಒಂದು ತಿಂಗಳ ಮೇಲೆ ಮೊದಲ ಮಾತಾಡಿದಳು.

"ನೀವಾಗೇ ಹೇಳ್ರಿ. ನನ್ನ ಬಾಯಿಂದ ಹೇಳಿಸಬ್ಯಾಡ್ರಿ."

ವಾಮದೇವಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೂಂ ಎಂದ.

ಆಫೀಸಿನಲ್ಲಿ ಮ್ಯಾನೇಜರು ಮೂಲ ಕರಾರನ್ನೇ ತಂದಿದ್ದ. ವಕೀಲರು ಅದನ್ನು ಬಸವಣ್ಣೆಮ್ಮನ ಮುಂದಿಟ್ಟು ಕೇಳಿದರು. "ನೋಡ್ರಿ ತಾಯಿ, ಈ ಹೆಬ್ಬೆಟ್ಟು ನಿಮ್ಮದಾ?"

ಬಸವಣ್ಣೆಮ್ಮ ಗಂಡನ ಕಡೆ ನೋಡಿದಳು. ಅವನು ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದ. ವಕೀಲರು ಇನ್ನೊಮ್ಮೆ ಕೇಳಿದರು. ಅವನು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ.

"ನಂದಲ್ಲ. ನಮ್ಮನೆಯವ್ರದು."

ಕೊಟ್ಟೂರೇಶ ಉಸಿರು ಬಿಟ್ಟ. ಮ್ಯಾನೇಜರು ಮಾತ್ರ ಗಾಬರಿಯಾಗಲಿಲ್ಲ. ವಕೀಲರನ್ನು ಹೊರಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿ ಬಂದ. ಬಂದ ಮೇಲೆ ವಕೀಲರೇ ಬಿಡಿಸಿ ಹೇಳಿದರು. ಹೆಬ್ಬೆಟ್ಟು ಸುಳ್ಳೆಂದಾದರೆ ಅದು ಒತ್ತಿದವರ ಮೇಲೆ ಬೇರೆ ಕೇಸಾಗುತ್ತದೆ. ಇನ್ನು ಮಗನ ಕೇಸಿನಲ್ಲಿ ತಾಯಿಯ ಹಾಡು ಒಂದು ಭಾಗ ಅಷ್ಟೆ, ಸಿನಿಮಾ ಹಾಡಿನ ನಾನೂರು ಕ್ಯಾಸೆಟ್ಟು ಹಾಗೇ ಉಳಿಯುತ್ತದೆ. ಅವುಗಳ ಹಕ್ಕೂ ಇದೇ ಕಂಪನಿಯದು. ಕಂಪನಿ ಎರಡನ್ನೂ ಮುಂದುವರಿಸುವುದಿಲ್ಲ ಎನ್ನುತ್ತಿದೆ. ಅದಕ್ಕೆ ಬದಲಾಗಿ ತಾಯಿ ಹಾಡಿನ ಹಕ್ಕು ಬಿಟ್ಟುಕೊಡುವ ಹೊಸ ಕರಾರಿಗೆ ಸಹಿ ಹಾಕಬೇಕು.

"ಈ ಸಲ ಸ್ವಂತ ಸಹಿ ಹಾಕ್ಲಿ," ಎಂದ ಮ್ಯಾನೇಜರು. "ನಮಗೂ ಒಳ್ಳೇದು, ಅವರಿಗೂ ಒಳ್ಳೇದು."

ಬಸವಣ್ಣೆಮ್ಮ ಮಗನ ಕಡೆ ತಿರುಗಿದಳು. ಒಂದು ತಿಂಗಳಿಂದ ಅವ್ವನ ಹಾಡು ಅವ್ವನದೇ ಎಂದು ಮನೆಯಲ್ಲಿ ಕೂಗಾಡಿದ್ದವನು ಅವನು.

"ಹಾಕಿಬಿಡವ್ವ," ಎಂದ ಕೊಟ್ಟೂರೇಶ ತಗ್ಗಿದ ದನಿಯಲ್ಲಿ. "ಸುಮಂಗಲಾಗೆ ಎಂಟು ನಡೀತೈತೆ. ನಂಗೆ ಈ ಅಲೆದಾಟ ಸಾಕಾಗೈತೆ."

"ಹಾಕು," ಎಂದ ವಾಮದೇವಪ್ಪ. ಆವತ್ತು ಆ ಕೋಣೆಯಲ್ಲಿ ಅವನಾಡಿದ ಮೊದಲ ಮಾತು ಅದು.

"ಹಾಕ್ತೀನಿ. ಎರಡು ಕೇಳ್ತೀನಿ," ಎಂದಳು ಬಸವಣ್ಣೆಮ್ಮ ಮ್ಯಾನೇಜರಿಗೆ. "ಹಾಲಮ್ಮನ ಸಾಲು ವಾಪಸು ಹಾಕ್ರಿ. ಪೊಲೀಸ್ರು ಒಯ್ದ ಕ್ಯಾಸೆಟ್ ಕೊಡಿಸ್ರಿ."

"ಅಮ್ಮ, ಸಿ.ಡಿ. ಐದು ಸಾವಿರ ಅಚ್ಚಾಗಿ ಹೋಗಿದೆ. ಅದರದೇ ಕ್ಯಾಸೆಟ್ಟೂ ಬಂದಿದೆ. ಮುಂದಿನ ಸಲ ನೋಡೋಣ."

"ಹಳೇ ಕ್ಯಾಸೆಟ್ಟು?"

"ಕೇಸಿನ ಮಾಲು ನಾಶ ಮಾಡ್ತಾರೆ. ಅದು ನಮ್ಮ ಕೈಯಲ್ಲಿಲ್ಲ."

ವಕೀಲರು ಪೆನ್ನು ಕೊಟ್ಟರು. ಅವಳು ಕಾಗದವನ್ನು ಪೂರ್ತಿ ಓದಿದಳು. ಓದಿ ಮುಗಿಸಲು ಬಹಳ ಹೊತ್ತು ಬೇಕಾಯಿತು, ಮ್ಯಾನೇಜರು ಎರಡು ಸಲ ಗಡಿಯಾರ ನೋಡಿದ. ಕೊನೆಗೆ ಬ-ಸ-ವ-ಣ್ಣೆ-ಮ್ಮ ಎಂದು ಒಂದೊಂದೇ ಅಕ್ಷರ ದುಂಡಗೆ ಬರೆದಳು.

"ಚೆಂದ ಐತ್ರಿ ಅಕ್ಷರ," ಎಂದರು ವಕೀಲರು.

ಹೊರಗೆ ಬಂದ ಮೇಲೆ ವಾಮದೇವಪ್ಪನ ಮುಖ ತಿಳಿಯಾಯಿತು. ಬೆಣ್ಣೆ ದೋಸೆ ತಿಂದು ಹೋಗೋಣ ಎಂದ. ಮೂವರೂ ಹೋಟೆಲಿಗೆ ಹೋದರು. ಗಂಡಸರಿಬ್ಬರೂ ಒಂದೂವರೆ ತಿಂಗಳ ಮೇಲೆ ಒಂದೇ ಮೇಜಿಗೆ ಕೂತು ತಿಂದರು. ವಾಮದೇವಪ್ಪ ಇನ್ನೊಂದು ದೋಸೆ ತರಿಸಿದ. ಕಂಪನಿ ಏಜೆನ್ಸಿ ಕೊಡುವುದಾದರೆ ಅಂಗಡಿ ಮತ್ತೆ ತೆರೆದು ಸಿ.ಡಿ. ಇಡಬಹುದು ಎಂದು ಕೊಟ್ಟೂರೇಶ ಹೇಳುತ್ತಿದ್ದ, ವಾಮದೇವಪ್ಪ ಹೌದೌದು ಎನ್ನುತ್ತಿದ್ದ. ಬಸವಣ್ಣೆಮ್ಮ ತನ್ನ ತಟ್ಟೆಯನ್ನು ಅವರತ್ತ ಸರಿಸಿ ಎದ್ದಳು.

"ಎಲ್ಲಿಗೆ?"

"ಕುಕ್ಕುವಾಡಕ್ಕೆ. ಹಾಲಮ್ಮನ ಮಗಳಿಗೆ ಹೇಳಿ ಬರ್ತೀನಿ."

"ಏನು ಹೇಳಾದು?"

"ಅವರವ್ವನ್ನ ತೆಗ್ದು ಹಾಕಿ ಬಂದೆ ಅಂತ."

ಅವಳು ಹಿಂದಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಕುಕ್ಕುವಾಡದಲ್ಲಿ ಭತ್ತದ ನಾಟಿ ನಡೆದಿತ್ತು. ಹಾಲಮ್ಮನ ಮಗಳು ನೀಲವ್ವ ದೊಡ್ಡವ್ವನನ್ನು ಏನೂ ಕೇಳದೆ ಒಳಗೆ ಕರೆದಳು. ಬಸವಣ್ಣೆಮ್ಮ ಬೆಳಿಗ್ಗೆ ಎದ್ದು ಹತ್ತು ಆಳಿಗೆ ಬುತ್ತಿ ಕಟ್ಟುತ್ತಿದ್ದಳು, ಆಮೇಲೆ ಸೀರೆ ಎತ್ತಿಕಟ್ಟಿ ಗದ್ದೆಗೂ ಇಳಿಯುತ್ತಿದ್ದಳು. ಪದ ಹೇಳು ಎಂದು ಹೆಂಗಸರು ಒತ್ತಾಯ ಮಾಡಿದರೆ ಗಂಟಲು ಕಟ್ಟಿದೆ ಎನ್ನುತ್ತಿದ್ದಳು. ಎರಡನೆಯ ವಾರದಲ್ಲಿ ಅವರು ಕೇಳುವುದನ್ನು ಬಿಟ್ಟರು.

ಮೂರು ವಾರ ಕಳೆದು ವಾಮದೇವಪ್ಪ ಬಂದ. ನೀಲವ್ವ ರೊಟ್ಟಿ, ಕಾಳುಪಲ್ಯ ಬಡಿಸಿದಳು. ಉಂಡು ಕೈ ತೊಳೆದು ಅವನು ಹೆಂಡತಿಗೆ ಹೇಳಿದ.

"ಸುಮಂಗಲಾಗೆ ಕಾಲು ಬಾತೈತೆ. ನಿಲ್ಲಾಕಾಗಲ್ಲ. ಅಡಿಗಿ ನಾನೇ ಮಾಡ್ತಿದ್ದೀನಿ."

"ಮಾಡ್ರಿ."

"ಹೆರಿಗಿಗೆ ಅವಳ ತವರಿನೋರು ಕರ್ಕೊಂಡು ಹೋಗಲ್ಲ ಅಂದಾರೆ. ಕೇಸಿನ ಸುದ್ದಿ ಅವ್ರ ಊರಿಗೂ ಹೋಗೇತಿ."

ಬಸವಣ್ಣೆಮ್ಮ ಅವನ ತಟ್ಟೆ ಎತ್ತಿಟ್ಟಳು. "ನನ್ನ ಕೇಳ್ದೆ ಹೆಬ್ಬೆಟ್ಟು ಒತ್ತಿದ್ದಕ್ಕೆ ಏನಾರ ಅನ್ನಾಕ ಬಂದೀರೇನೋ ಅಂದ್ಕಂಡಿದ್ದೆ."

"ಆಗಿದ್ದು ಆತಲ್ಲ. ಮತ್ತೆ ಯಾಕ ಅದನ್ನ ತೆಗಿತಿ?"

ಅವಳು ಎದ್ದು ಒಣಗಲು ಹಾಕಿದ್ದ ಎರಡು ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಸೊಸೆಯ ಕಾಲು ಬಾತದ್ದು ಸುಳ್ಳಿರಲಾರದು ಎಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನದ ಪ್ರೈವೇಟ್ ಬಸ್ಸು ತುಂಬಿತ್ತು. ಕಂಡಕ್ಟರು ವಯಸ್ಸಾದವರೆಂದು ಇಬ್ಬರಿಗೂ ಮುಂದೆ ಸೀಟು ಕೊಡಿಸಿದ. ಊರು ದಾಟಿ ಕಾಲುವೆ ಪಕ್ಕದ ರಸ್ತೆಗೆ ಬಂದಾಗ ಡ್ರೈವರು ಟೇಪು ಹಾಕಿದ. ಮೊದಲು ಒಂದು ಹೆಂಗಸಿನ ದನಿ ಬಂತು, ಆಮೇಲೆ ಪೀಪಿ. ಹಿಂದಿನ ಸೀಟಿನ ಯಾರೋ ದನಿ ಜೋರು ಮಾಡಲು ಹೇಳಿದರು.

ವಾಮದೇವಪ್ಪ ನೆಟ್ಟಗೆ ಕೂತ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ ತೋಳು ಮುಟ್ಟಿ, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದ.

"ಇದು ಹಾಡಿದೋರು ಯಾರು ಗೊತ್ತೇನಪ್ಪ? ನಮ್ಮನೆಯಾಕಿ. ಇಲ್ಲೇ ಕುಂತಾಳೆ ನೋಡು."

ಕಂಡಕ್ಟರು ಬಗ್ಗಿ ನೋಡಿದ. ಎದುರು ಸೀಟಿನ ಇಬ್ಬರು ಹೆಂಗಸರೂ ತಿರುಗಿದರು.

"ಹೌದೇನ್ರಿ ಅಮ್ಮಾರೆ? ನೀವಾ ಹಾಡಿದ್ದು?"

ಬಸವಣ್ಣೆಮ್ಮ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಅಲ್ಲಪ್ಪ," ಎಂದಳು. "ಯಾರೋ ಬೇರೆಯೋರು. ಇವ್ರಿಗೆ ಕಿವಿ ಸರಿ ಕೇಳಲ್ಲ."

ಕಂಡಕ್ಟರು ನಕ್ಕು ಮುಂದಿನ ಸೀಟಿಗೆ ಹೋದ. ಹರಿಹರ ಬರುವವರೆಗೂ ವಾಮದೇವಪ್ಪ ಟಿಕೆಟ್ಟನ್ನು ಬೆರಳಲ್ಲಿ ಸುತ್ತುತ್ತ ಕೂತಿದ್ದ.